ಪ್ರಾಜೆಕ್ಟ್ ಬರೆಸುವ ಮೊದಲು ಟಿಪ್ಪಣಿ ಮಾಡೋದು ಕಲಿಸಿ

'ಸ್ವಂತ ವಾಕ್ಯದಲ್ಲಿ ಬರೀರಿ' ಅಂತ ಮೇಷ್ಟ್ರುಗಳೆಲ್ಲ ಹೇಳುತ್ತೇವೆ. ಅದನ್ನು ಮಾಡುವುದು ಹೇಗೆ ಅಂತ ಕೂರಿಸಿ ತೋರಿಸುವವರು ಕಡಿಮೆ. ಹಾಗಾಗಿ ಮಕ್ಕಳು ಸೈಬರ್ ಸೆಂಟರಿಗೆ ಹೋಗಿ ನಾಲ್ಕು ಪುಟ ಪ್ರಿಂಟ್ ತೆಗೆಸಿ, ನೋಡಿಕೊಂಡು ಬರೆದು, ಸ್ಪೈರಲ್ ಬೈಂಡಿಂಗ್ ಮಾಡಿಸಿ ತರುತ್ತಾರೆ. ಅದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ. ನಮ್ಮ ಹಾಸನದ ಪ್ರೌಢಶಾಲೆ ಮಕ್ಕಳಿಗೆ ಹೊಂದುವ ಕ್ರಮ ಇಲ್ಲಿದೆ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲು, ವಿಷಯ ಕೊಡಬೇಡಿ, ಪ್ರಶ್ನೆ ಕೊಡಿ. 'ಹಲ್ಮಿಡಿ ಶಾಸನ' ಅಂದರೆ ಇಡೀ ಪುಟ ಇಳಿದು ಬರುತ್ತದೆ. 'ಶಾಸನದಲ್ಲಿ ಇಸವಿ ಕೆತ್ತಿಲ್ಲ, ಆದರೂ ಸುಮಾರು ಕ್ರಿ.ಶ. 450ರದ್ದು ಅಂತ ಹೇಗೆ ಹೇಳುತ್ತಾರೆ?' ಅಂತ ಕೇಳಿದರೆ ಮಕ್ಕಳು ಹುಡುಕಲೇಬೇಕು.

ಆಮೇಲೆ ಹುಡುಕಾಟ. ವಿಕಿಪೀಡಿಯ ಮುಟ್ಟಬೇಡಿ ಅನ್ನುವುದು ಸರಿಯಲ್ಲ. ಅಲ್ಲಿಂದಲೇ ಶುರು ಮಾಡಲಿ, ಆದರೆ ಪುಟದ ಕೊನೆಯಲ್ಲಿರುವ ಉಲ್ಲೇಖಗಳನ್ನು ಬರೆದುಕೊಂಡು ಗ್ರಂಥಾಲಯಕ್ಕೆ ಹೋಗಲಿ. ಜಿಲ್ಲೆಯ ವಿವರ ಕೊಡುವ ಜಿಲ್ಲಾ ಗೆಜೆಟಿಯರ್, ಶಾಸನಗಳನ್ನು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಕೇಳಲಿ. ಈ ಮಾಲೆಯಲ್ಲಿ ಬಿ.ಎಲ್. ರೈಸ್ ಅವರ ಹಾಸನ ಸಂಪುಟ 1902ರದ್ದು, ಅದರಲ್ಲಿ ಹಲ್ಮಿಡಿ ಶಾಸನ ಇಲ್ಲ. ಪುರಾತತ್ತ್ವ ವಿದ್ವಾಂಸ ಎಂ.ಎಚ್. ಕೃಷ್ಣ ಅವರು ಆ ಶಾಸನವನ್ನು ಬೆಳಕಿಗೆ ತಂದದ್ದೇ 1936ರಲ್ಲಿ. ಪುಸ್ತಕ ಕೈಗೆ ಬಂದ ತಕ್ಷಣ ಇಸವಿ ನೋಡಬೇಕು ಅನ್ನೋದು ಇದಕ್ಕೇ. ಚಿಕ್ಕಮಗಳೂರಿನವರು ಇನ್ನೊಂದು ನೆನಪಿಡಬೇಕು: ಹಳೇ ಪುಸ್ತಕಗಳಲ್ಲಿ ನಿಮ್ಮ ಜಿಲ್ಲೆ 'ಕಡೂರು ಜಿಲ್ಲೆ' ಅಂತಲೇ ಇರುತ್ತದೆ.

ಜಾಸ್ತಿ ಜನ ಎಡವುವುದು ಟಿಪ್ಪಣಿ ಮಾಡುವಾಗ. ಪುಸ್ತಕ ತೆರೆದಿಟ್ಟುಕೊಂಡೇ ಬರೆಯುತ್ತಾರೆ. ಕಣ್ಣೆದುರು ಸಾಲು ಇದ್ದರೆ ಕೈ ಅದನ್ನೇ ಬರೆಯುತ್ತದೆ. ಪುಸ್ತಕದಲ್ಲಿ ಹೀಗಿದೆ ಅಂತಿಟ್ಟುಕೊಳ್ಳಿ: 'ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲದಿದ್ದರೂ, ಲಿಪಿಯ ಸ್ವರೂಪ ಹಾಗೂ ಕದಂಬ ಅರಸ ಕಾಕುಸ್ಥನ ಹೆಸರಿನ ಆಧಾರದ ಮೇಲೆ ವಿದ್ವಾಂಸರು ಇದನ್ನು ಐದನೆಯ ಶತಮಾನದ್ದೆಂದು ನಿರ್ಧರಿಸಿದ್ದಾರೆ.'

ಹುಡುಗ ಬರೆಯುವುದು: 'ಶಿಲಾಲೇಖದಲ್ಲಿ ಸಮಯದ ಪ್ರಸ್ತಾಪವಿಲ್ಲದಿದ್ದರೂ, ಅಕ್ಷರಗಳ ರೂಪ ಹಾಗೂ ಕದಂಬ ರಾಜ ಕಾಕುಸ್ಥನ ಹೆಸರಿನ ಆಧಾರದ ಮೇಲೆ ಪಂಡಿತರು ಇದನ್ನು ಐದನೇ ಶತಮಾನದ್ದೆಂದು ತೀರ್ಮಾನಿಸಿದ್ದಾರೆ.'

ಪದ ಬದಲಾಗಿದೆ, ವಾಕ್ಯದ ಕಟ್ಟು ಹಾಗೇ ಇದೆ. ಇದೂ ನಕಲೇ. ಎರಡನ್ನೂ ಬೋರ್ಡ್ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿ. ಇದು ತಪ್ಪು ಅಂತ ಎಷ್ಟೋ ಮಕ್ಕಳಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ.

ಹೀಗೆ ಮಾಡಿಸಿ. ಪ್ಯಾರಾ ಎರಡು ಸಲ ಓದಲಿ. ಪುಸ್ತಕ ಮುಚ್ಚಲಿ, ಮೊಬೈಲ್ ಬೋರಲು ಹಾಕಲಿ. ಪಕ್ಕದವನಿಗೆ ಬಾಯಲ್ಲಿ ಹೇಳಲಿ: 'ಕಲ್ಲಲ್ಲಿ ಇಸವಿ ಇಲ್ಲ ಕಣೋ. ಅಕ್ಷರ ನೋಡಿದ್ರೆ ಎಷ್ಟು ಹಳೇದು ಅಂತ ಗೊತ್ತಾಗುತ್ತಂತೆ. ಆಮೇಲೆ ಕದಂಬರ ರಾಜನ ಹೆಸರೂ ಇದೆ.' ಈ ಮಾತನ್ನೇ ಬರೆದುಕೊಳ್ಳಲಿ, ಭಾಷೆ ಆಮೇಲೆ ತಿದ್ದಬಹುದು. ಬರೆದ ಮೇಲೆ ಪುಸ್ತಕ ತೆರೆದು ಹೆಸರು, ಇಸವಿ, ಅಂಕಿ ಸರಿಯಿದೆಯಾ ಅಂತ ನೋಡಲಿ. ಬಾಯಲ್ಲಿ ಹೇಳೋಕೆ ಬರದಿದ್ದರೆ ಅರ್ಥವಾಗಿಲ್ಲ ಅಂತ, ಮತ್ತೆ ಓದಬೇಕು.

ಯಾವುದಾದರೂ ಸಾಲು ಹಾಗೇ ಬೇಕು ಅನಿಸಿದರೆ ಟಿಪ್ಪಣಿಯಲ್ಲೇ ಉದ್ಧರಣ ಚಿಹ್ನೆ ಹಾಕಿ ಪುಟಸಂಖ್ಯೆ ಬರೆಯಬೇಕು. ಆಮೇಲೆ ಹಾಕೋಣ ಅಂತ ಬಿಟ್ಟರೆ ಅದು ಯಾರ ಸಾಲು ಅಂತ ಬರೆದವನಿಗೇ ಮರೆತಿರುತ್ತದೆ. ಇದಕ್ಕೆ ಉದ್ದದ ನೋಟ್‌ಬುಕ್ಕೇ ಆಗಬೇಕು, ಬಿಡಿ ಹಾಳೆ ಬೇಡ. ಪುಟದ ಎಡಕ್ಕೆ ಪುಸ್ತಕದ ಹೆಸರು ಮತ್ತು ಪುಟ, ಬಲಕ್ಕೆ ಟಿಪ್ಪಣಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಅದು ಟಿಪ್ಪಣಿ ಆಗುವುದಿಲ್ಲ.

ವಾಕ್ಯ ಬದಲಿಸಿ ಕೊಡುವ ಆ್ಯಪ್‌ಗಳನ್ನು ದಯವಿಟ್ಟು ಬಳಸಲು ಬಿಡಬೇಡಿ. ಮೇಲೆ ಹುಡುಗ ಮಾಡಿದ್ದನ್ನೇ ಅವೂ ಮಾಡುತ್ತವೆ. ಚಾಟ್‌ಜಿಪಿಟಿಯಂಥವು ಇಲ್ಲದ ಪುಸ್ತಕದ ಹೆಸರನ್ನೂ ಹೇಳಿಬಿಡುತ್ತವೆ, ಹಾಗಾಗಿ ಆ ಪುಸ್ತಕದ ಪುಟ ತೋರಿಸು ಅಂತ ಮಗುವನ್ನು ಕೇಳಿ. ನಕಲು ಹಿಡಿಯುವ ಉಚಿತ ವೆಬ್‌ಸೈಟ್‌ಗಳನ್ನು ನಂಬಿ ಕೂರುವುದೂ ಬೇಡ. ಇಂಗ್ಲಿಷ್ ಪುಟವನ್ನು ಕನ್ನಡಕ್ಕೆ ಅನುವಾದಿಸಿ ತಂದರೆ ಅವುಗಳಿಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಅನುವಾದ ಮಾಡಿದರೂ ಮೂಲದ ಹೆಸರು ಹೇಳಲೇಬೇಕು, ಅಲ್ವಾ?

ಎರಡು ಕಡೆ ಎರಡು ಥರ ಇದ್ದರೆ ಎರಡನ್ನೂ ಬರೆಯಲಿ. ಹಲ್ಮಿಡಿಯೇ ಮೊದಲ ಕನ್ನಡ ಶಾಸನ ಅಂತ ಓದಿಕೊಂಡು ಬಂದಿದ್ದೇವೆ. ಈಚೆಗೆ ಶಿವಮೊಗ್ಗ ಜಿಲ್ಲೆಯ ತಾಳಗುಂದದ ಶಾಸನ ಕ್ರಿ.ಶ. 370ರದ್ದು, ಅದೇ ಹಳೇದು ಅನ್ನುವ ವಾದವಿದೆ. ಯಾರು, ಯಾವ ಆಧಾರದ ಮೇಲೆ ಹೇಳುತ್ತಾರೆ ಅನ್ನುವುದನ್ನು ಬರೆದ ಮಗು ನಕಲು ಮಾಡಿಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಕೊನೆಗೆ ಆಕರಗಳ ಪಟ್ಟಿ: ಲೇಖಕ, ಪುಸ್ತಕ, ಇಸವಿ, ಪುಟ. ವೆಬ್‌ಸೈಟ್ ಆದರೆ ನೋಡಿದ ತಾರೀಕು. ಊರಿನ ಹಿರಿಯರನ್ನು ಕೇಳಿದ್ದರೆ ಅವರ ಹೆಸರು.

ಪ್ರಾಜೆಕ್ಟ್ ಜೊತೆ ಟಿಪ್ಪಣಿಯ ನೋಟ್‌ಬುಕ್ಕನ್ನೂ ತರಿಸಿ, ಒಟ್ಟು ಅಂಕದಲ್ಲಿ ಅರ್ಧದಷ್ಟು ಅದಕ್ಕೇ ಇಡಿ. ಬೈಂಡಿಂಗ್‌ಗೆ, ಬಣ್ಣದ ಚಿತ್ರಕ್ಕೆ ಅಂಕ ಬೇಡ. ನಕಲು ಮಾಡಿದ ಪುಟ ಸಿಕ್ಕರೆ ಹರಿಯಬೇಡಿ, ಸೊನ್ನೆಯನ್ನೂ ಕೊಡಬೇಡಿ. ಮಗುವನ್ನು ಪಕ್ಕ ಕೂರಿಸಿಕೊಂಡು, ಪುಸ್ತಕ ಮುಚ್ಚಿಸಿ, ಆ ಒಂದು ಪ್ಯಾರಾವನ್ನು ಬಾಯಲ್ಲಿ ಹೇಳಿಸಿ, ಮತ್ತೆ ಬರೆಸಿ.