ಕಾಫಿ ಕಣದಲ್ಲಿ ಕಲಿತ ರೇಡಿಯೋ ಮಾತು

ಜನವರಿ ತಿಂಗಳು. ಸಕಲೇಶಪುರದ ಹತ್ತಿರ ನಮ್ಮ ಮನೆಯ ಕಣದ ತುಂಬ ಕಾಫಿ ಒಣಗುತ್ತಿತ್ತು. ನಡುವೆ ಉದ್ದಕ್ಕೆ ಒಂದು ದಾರಿ ಬಿಡಿಸಿಕೊಂಡು, ಎರಡೂ ತುದಿಗೆ ಸುಣ್ಣದಲ್ಲಿ ನಂಬರ್ ಬರೆದಿದ್ದೆ. ಪೂರ್ವದ ತುದಿಗೆ 27, ಪಶ್ಚಿಮದ ತುದಿಗೆ 09. ರನ್‌ವೇ ನಂಬರ್ ಅಂದ್ರೆ ಬೇರೇನಲ್ಲ, ವಿಮಾನ ಇಳಿಯುವಾಗ ದಿಕ್ಸೂಚಿ ತೋರಿಸುವ ಡಿಗ್ರಿಯನ್ನು ಹತ್ತರಿಂದ ಭಾಗಿಸಿದ್ದು. ಪಶ್ಚಿಮಕ್ಕೆ ಮುಖ ಮಾಡಿ ಇಳಿದರೆ 270, ಅಂದ್ರೆ 27. ಆ ಸುಣ್ಣದ ರನ್‌ವೇ ಸುತ್ತ ನಾನು ನಡೆಯುತ್ತಾ ಜೋರಾಗಿ ಹೇಳುತ್ತಿದ್ದೆ: "ಹಾಸನ ಟ್ರಾಫಿಕ್, ವೈಟ್ ಸೆಸ್ನಾ, ಲೆಫ್ಟ್ ಡೌನ್‌ವಿಂಡ್, ರನ್‌ವೇ ಟೂ ಸೆವೆನ್, ಹಾಸನ ಟ್ರಾಫಿಕ್." ಟ್ರಾಫಿಕ್ ಅಂದ್ರೆ ಆ ಊರಿನ ಸುತ್ತ ಹಾರುತ್ತಿರುವ ಎಲ್ಲರೂ, ಸೆಸ್ನಾ ಅಂದ್ರೆ ನನ್ನ ಸಣ್ಣ ವಿಮಾನ. ಡೌನ್‌ವಿಂಡ್ ಅಂದ್ರೆ ಇಳಿಯುವ ಮೊದಲು ರನ್‌ವೇ ಪಕ್ಕದಲ್ಲಿ, ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುವ ಭಾಗ. ಲೆಫ್ಟ್ ಅಂದ್ರೆ ಸುತ್ತಿನ ತಿರುವೆಲ್ಲ ಎಡಕ್ಕೆ.

ಯಾಕೆ ಹೀಗೆ ಮಾಡಬೇಕಾಯಿತು ಅಂತ ಹೇಳ್ತೀನಿ.

ನಾನು ವಿಮಾನ ಹಾರಿಸಲು ಕಲಿತದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ, ಒಂದು ಸಣ್ಣ ಊರಿನ ಏರ್‌ಪೋರ್ಟ್‌ನಲ್ಲಿ. ಅಲ್ಲಿ ಕಂಟ್ರೋಲ್ ಟವರ್ ಇರಲಿಲ್ಲ. ಆ ದೇಶದಲ್ಲಿ ಸಾರ್ವಜನಿಕರು ಬಳಸುವ ಏರ್‌ಪೋರ್ಟ್‌ಗಳು ಸುಮಾರು 5,000. ಟವರ್ ಇರುವುದು 500 ಚಿಲ್ಲರೆಗೆ ಮಾತ್ರ. ಉಳಿದ ಕಡೆ "ಇಳಿ", "ನಿಲ್ಲು" ಅಂತ ಹೇಳುವವರು ಯಾರೂ ಇಲ್ಲ. ಎಲ್ಲ ಪೈಲಟ್‌ಗಳೂ ಒಂದೇ ಫ್ರೀಕ್ವೆನ್ಸಿಯಲ್ಲಿ ತಾವು ಎಲ್ಲಿದ್ದೀವಿ, ಏನು ಮಾಡ್ತೀವಿ ಅಂತ ತಾವೇ ಹೇಳಿಕೊಳ್ಳಬೇಕು. 122.8ರಂಥ ಒಂದೇ ಫ್ರೀಕ್ವೆನ್ಸಿಯನ್ನು ಎಷ್ಟೋ ಊರುಗಳು ಹಂಚಿಕೊಂಡಿರುತ್ತವೆ. ಮೇಲೆ ಹೋದ ಹಾಗೆ ದೂರದ ಊರಿನ ಮಾತೂ ಕೇಳಿಸುತ್ತದೆ. ಅದಕ್ಕೇ ಊರಿನ ಹೆಸರನ್ನು ಮೊದಲು ಒಂದು ಸಲ, ಕೊನೆಗೆ ಒಂದು ಸಲ ಹೇಳುವುದು. ಮೊದಲ ಸಲ ಹೇಳಿದ್ದು ಗಿಜಿಗಿಜಿಯಲ್ಲಿ ತಪ್ಪಿಹೋದರೂ ಕೊನೆಯದು ಕಿವಿಗೆ ಬೀಳಲಿ ಅಂತ.

ವಿಮಾನ ತಿರುಗಿಸುವುದು ನನಗೆ ಬೇಗ ಬಂತು. ಮಾತಾಡುವುದು ಬರಲಿಲ್ಲ. ಮೈಕ್ ಬಟನ್ ಒತ್ತಿದ ಕೂಡಲೇ ಗಂಟಲು ಒಣಗುತ್ತಿತ್ತು. ಒಂದು ದಿನ ರನ್‌ವೇ 36ಕ್ಕೆ ಇಳಿಯುವ ಸುತ್ತಿನಲ್ಲಿದ್ದೆ. ಬಾಯಲ್ಲಿ ಮಾತ್ರ "ಲೆಫ್ಟ್ ಡೌನ್‌ವಿಂಡ್, ರನ್‌ವೇ ಒನ್ ಎಯ್ಟ್" ಅಂತ ಬಂತು. ಅದು ಅದೇ ರನ್‌ವೇಯ ಇನ್ನೊಂದು ತುದಿ. ಅಲ್ಲಿ ಮಾಮೂಲಾಗಿ ಎಲ್ಲ ತಿರುವೂ ಎಡಕ್ಕೇ. ಹಾಗಾಗಿ 36ರ ಡೌನ್‌ವಿಂಡ್ ರನ್‌ವೇಯ ಪಶ್ಚಿಮಕ್ಕೆ ಬಂದರೆ 18ರದ್ದು ಪೂರ್ವಕ್ಕೆ. ಆಗ ಒಳಗೆ ಬರುತ್ತಿದ್ದ ಇನ್ನೊಬ್ಬ ಪೈಲಟ್ ನನ್ನ ಮಾತು ನಂಬಿ ಪೂರ್ವದ ಕಡೆ ಹುಡುಕುತ್ತಿದ್ದ. ನಾನಿದ್ದದ್ದು ಪಶ್ಚಿಮದಲ್ಲಿ, ಅವನು ಬರುತ್ತಿದ್ದ ದಾರಿಯಲ್ಲೇ. ಪಕ್ಕದಲ್ಲಿದ್ದ ಗುರುಗಳು ತಕ್ಷಣ ಮೈಕ್ ಒತ್ತಿ ಸರಿಪಡಿಸಿದರು. ಇಳಿದ ಮೇಲೆ ಬೈಯಲಿಲ್ಲ. "ನೀನು ಹೇಳೋದು ಅವನ ಕತ್ತು ಯಾವ ಕಡೆ ತಿರುಗಬೇಕು ಅಂತ. ಅಷ್ಟೇ" ಅಂದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಮರುತಿಂಗಳು ಅಕ್ಕನ ಮದುವೆಗೆ ಊರಿಗೆ ಬಂದಾಗ ಕಣವೇ ನನ್ನ ಏರ್‌ಪೋರ್ಟ್ ಆಯಿತು. ದಕ್ಷಿಣಕ್ಕಿರುವ ಸಿಲ್ವರ್ ಓಕ್ ಸಾಲು ಡೌನ್‌ವಿಂಡ್. ನೀರಿನ ತೊಟ್ಟಿಯ ಹತ್ತಿರ ಎಡಕ್ಕೆ ತಿರುಗಿದರೆ ಬೇಸ್, ಅಂದ್ರೆ ರನ್‌ವೇಯ ಸಾಲಿಗೆ ಅಡ್ಡವಾಗಿ ಬರುವ ಭಾಗ. ಇನ್ನೊಂದು ಎಡ ತಿರುವು ಫೈನಲ್, ಅಲ್ಲಿಂದ ನೇರ ರನ್‌ವೇಗೆ. ತಮ್ಮ ಸೈಕಲ್ ಹತ್ತಿ ಎರಡನೇ ವಿಮಾನವಾದ. ಅವನು ಕಣ್ಣು ಮುಚ್ಚಿ ನಿಲ್ಲಬೇಕು, ನಾನು ಹೇಳಬೇಕು, ಕಣ್ಣು ತೆರೆಯುವ ಮೊದಲು ಅವನು ನನ್ನ ಕಡೆ ಬೆರಳು ತೋರಿಸಬೇಕು. ಇದೇ ನಮ್ಮ ಆಟ. ಮೊದಲ ದಿನ ಬೆರಳು ಬಹಳ ಸಲ ಬೇರೆ ಕಡೆಗೇ ಹೋಯಿತು. ಯಾಕಂದ್ರೆ ನಾನು ತಿರುಗಿ ಆದಮೇಲೆ ಹೇಳುತ್ತಿದ್ದೆ, ಇಲ್ಲವೇ ಮಾತು ಉದ್ದವಾಗಿ ಮುಗಿಯುವಷ್ಟರಲ್ಲಿ ಜಾಗವೇ ಬದಲಾಗಿರುತ್ತಿತ್ತು. ಕಾಫಿ ಕೆದಕುತ್ತಿದ್ದ ಹೆಂಗಸರೂ ಆಮೇಲೆ "ಈಗ ಬೇಸ್ ಅಲ್ವಾ?" ಅಂತ ಕೇಳತೊಡಗಿದರು.

"ಇದು ಬಿಸಿಲೆ ಘಾಟಿ ತಿರುವಲ್ಲಿ ಹಾರ್ನ್ ಹೊಡೆದ ಹಾಗೆ" ಅಂದ ತಮ್ಮ. ಅರ್ಧ ನಿಜ. ಹಾರ್ನ್ ಕೇಳಿದರೆ ಯಾರೋ ಬರ್ತಿದ್ದಾರೆ ಅಂತ ಗೊತ್ತಾಗುತ್ತದೆ, ಎಲ್ಲಿ ಅಂತ ಗೊತ್ತಾಗಲ್ಲ. ಘಾಟಿಯಲ್ಲಿ ಇರುವುದು ಒಂದೇ ರಸ್ತೆ, ಅದು ಸಾಕು. ಆಕಾಶದಲ್ಲಿ ಸಾಲದು. "ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ" ಅಂತ ರೇಡಿಯೋದಲ್ಲಿ ಕೇಳುವವರಿದ್ದಾರೆ. ಹಾಗೆ ಕೇಳಬೇಡಿ ಅಂತ ಅಮೆರಿಕದ ವಿಮಾನಯಾನ ಇಲಾಖೆಯೇ ಹೇಳುತ್ತದೆ. ಅದರ ಬದಲು ಹತ್ತು ಮೈಲಿ ದೂರದಿಂದಲೇ ಕೇಳಿಸಿಕೊಳ್ಳುತ್ತಾ, ನೀವೇ ನಿಮ್ಮ ಜಾಗ ಹೇಳುತ್ತಾ ಬರಬೇಕು.

ಕೇಳಿಸಿಕೊಳ್ಳುವ ವಿಷಯದಲ್ಲಿ ನನ್ನ ಮನಸ್ಸಿನಿಂದ ಹೋಗದ ಒಂದು ಘಟನೆ ಇದೆ. 1996ರ ನವೆಂಬರ್ 19, ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿ. ಟವರ್ ಇಲ್ಲದ ಏರ್‌ಪೋರ್ಟ್, ಒಂದನ್ನೊಂದು ದಾಟುವ ರನ್‌ವೇಗಳು. ಇಳಿಯಲು ಬರುತ್ತಿದ್ದ ಬೀಚ್ 1900 ವಿಮಾನದವರು, ಅಡ್ಡ ರನ್‌ವೇಯಲ್ಲಿ ಕಾಣುತ್ತಿದ್ದ ಕಿಂಗ್ ಏರ್ ವಿಮಾನಕ್ಕೆ "ನಿಲ್ತೀರಾ, ಹೊರಡ್ತೀರಾ?" ಅಂತ ಕೇಳಿದರು. ಕಿಂಗ್ ಏರ್ ಮಾತಾಡಲಿಲ್ಲ. ಅದರ ಹಿಂದೆ ಕಾಯುತ್ತಿದ್ದ ಚೆರೋಕಿ ಎಂಬ ಪುಟ್ಟ ವಿಮಾನದ ಪೈಲಟ್ "ಕಾಯ್ತಾ ಇದ್ದೀವಿ" ಅನ್ನುವ ಅರ್ಥದಲ್ಲಿ ಉತ್ತರ ಕೊಟ್ಟ. ಅದೇ ಹೊತ್ತಿಗೆ ಬೀಚ್‌ನ ಕಾಕ್‌ಪಿಟ್‌ನಲ್ಲಿ ಎತ್ತರ ಹೇಳುವ ಯಂತ್ರದ ದನಿ ಆ ಉತ್ತರದ ಮೇಲೆ ಬಿತ್ತು. ಉತ್ತರ ಕೊಟ್ಟದ್ದು ಕಿಂಗ್ ಏರ್ ಅಂತಲೇ ಅವರು ತಿಳಿದರು. ಕಿಂಗ್ ಏರ್ ಹೊರಟೇಬಿಟ್ಟಿತು. ಎರಡೂ ವಿಮಾನ ಡಿಕ್ಕಿಯಾಗಿ 14 ಜನರೂ ಹೋದರು. ಯಾರು ಮಾತಾಡಿದ್ದು ಅಂತ ನನಗೆ ಸ್ಪಷ್ಟವಾಗದಿದ್ದರೆ ಈಗ ನಾನು ಮತ್ತೆ ಕೇಳುತ್ತೇನೆ. ಸಂಕೋಚ ಪಡುವುದಿಲ್ಲ.

ಇನ್ನೂ ಒಂದಿದೆ. ಟವರ್ ಇಲ್ಲದ ಬಹಳಷ್ಟು ಕಡೆ ರೇಡಿಯೋ ಕಡ್ಡಾಯವೇ ಅಲ್ಲ. ಪೈಪರ್ ಕಬ್‌ನಂಥ ಹಳೆಯ ವಿಮಾನಗಳಲ್ಲಿ ಕರೆಂಟೇ ಇರುವುದಿಲ್ಲ. ಒಂದು ಸಂಜೆ ಫ್ರೀಕ್ವೆನ್ಸಿ ಪೂರ್ತಿ ಮೌನವಾಗಿತ್ತು. ಕೆಳಗೆ ಹೊಲದ ಮೇಲೆ ಹಳದಿ ಚುಕ್ಕೆಯೊಂದು ಸರಿಯುತ್ತಿತ್ತು. ಅದು ಕಬ್, ನನಗಿಂತ ಮೊದಲು ಬೇಸ್‌ಗೆ ತಿರುಗುತ್ತಿತ್ತು. ಅದನ್ನು ನೋಡಿದ್ದು ಕಣ್ಣು, ಕಿವಿಯಲ್ಲ. ಡೌನ್‌ವಿಂಡ್ ಉದ್ದ ಮಾಡಿ ಅದರ ಹಿಂದೆ ಇಳಿದೆ.

ಊರಿಂದ ವಾಪಸ್ ಹೋದ ಮೂರನೇ ವಾರ ಮೊದಲ ಸಲ ಒಬ್ಬನೇ ಹಾರಿದೆ. ಪಕ್ಕದ ಸೀಟು ಖಾಲಿ. ನೆಲದಿಂದ 1,000 ಅಡಿ ಮೇಲೆ ಡೌನ್‌ವಿಂಡ್‌ಗೆ ಬಂದು, ತಮ್ಮ ಕಣ್ಣು ಮುಚ್ಚಿ ನಿಂತಿದ್ದಾನೆ ಅಂದುಕೊಂಡು, ಸುಮ್ನೆ ನಿಧಾನವಾಗಿ ಹೇಳಿದೆ. ಊರ ಹೆಸರು, ಬಿಳಿ ಸೆಸ್ನಾ, ಲೆಫ್ಟ್ ಡೌನ್‌ವಿಂಡ್, ರನ್‌ವೇ ತ್ರೀ ಸಿಕ್ಸ್, ಮತ್ತೆ ಊರ ಹೆಸರು. ಒಂದು ಕ್ಷಣ ಬರೀ ಇಂಜಿನ್ ಸದ್ದು. ಆಮೇಲೆ ಯಾರದೋ ವಯಸ್ಸಾದ ದನಿ ಬಂತು: "ಬಿಳಿ ಸೆಸ್ನಾ, ನೀನು ಕಾಣಿಸ್ತಿದ್ದೀಯ. ನಿನ್ನ ಹಿಂದೆ ಬರ್ತೀನಿ."