ಎಂಟನೇ ಲೈನ್‌ಮನ್ ಯಾರು? ನನ್ನ ಲೆಕ್ಕ ಕೊನೆಗೂ ಕೂಡಿಬಂದದ್ದು ಹೀಗೆ

ನಮ್ಮ ಗುಂಪಿನ ಪಂತ ನಿಮ್ಮಲ್ಲಿ ಬಹಳ ಜನ ಆಡುವಂಥದ್ದೇ. ಆಗಸ್ಟ್ ಕೊನೆಗೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ತಂಡಗಳು 90 ಜನರಿಂದ 53ಕ್ಕೆ ಇಳಿಯುವ ಮುಂಚೆ ಉಳಿಯುವವರ ಹೆಸರು ಬರೆದುಕೊಡಬೇಕು, ತಲೆಗೆ 20 ಡಾಲರ್. ಉಳಿದವರೆಲ್ಲ ರಿಸೀವರ್, ರನ್ನಿಂಗ್ ಬ್ಯಾಕ್ ಹಿಂದೆ ಬಿದ್ದಾಗ ನಾನು ಹಿಡಿದದ್ದು ಆಫೆನ್ಸಿವ್ ಲೈನ್, ಅಂದರೆ ಚೆಂಡು ತಮ್ಮವರ ಕೈಯಲ್ಲಿದ್ದಾಗ ಎದುರಾಳಿಗಳನ್ನು ತಡೆಯುವ ಐವರ ಸಾಲು. ಅದರಲ್ಲೂ ಎರಡು ವರ್ಷಕ್ಕೊಮ್ಮೆ ಊರು, ಜರ್ಸಿ ಎರಡೂ ಬದಲಿಸುವ ಅಲೆಮಾರಿ ಲೈನ್‌ಮನ್‌ಗಳನ್ನು. "ಅವರಿಗೆ ರನ್ ಇಲ್ಲ, ಕ್ಯಾಚ್ ಇಲ್ಲ, ಏನು ನೋಡಿ ಬರೀತೀಯ ಮಾರಾಯ?" ಅಂತ ಕೇಳದವರಿಲ್ಲ. ನನ್ನ ಹೆಂಡತಿಯೂ ಕೇಳಿದ್ದಾಳೆ, ಆದರೆ ಅವಳ ಪ್ರಶ್ನೆ ಕ್ರೆಡಿಟ್ ಕಾರ್ಡ್ ಬಿಲ್ ಬಗ್ಗೆ.

ಆ ಬಿಲ್ ವಿಷಯ ಮೊದಲೇ ಹೇಳಿಬಿಡುತ್ತೇನೆ. 22 ಜನರೂ ಕಾಣುವ ಕೋಚ್ ವಿಡಿಯೊಗೆ ವರ್ಷಕ್ಕೆ ನೂರು ಡಾಲರ್ ಆಸುಪಾಸು. ಸ್ನ್ಯಾಪ್ ಎಣಿಕೆಗೆ (ಯಾರು ಎಷ್ಟು ಸಲ ಕಣದಲ್ಲಿದ್ದರು ಎನ್ನುವ ಲೆಕ್ಕ), ದರ್ಜೆ ಅಂಕಕ್ಕೆ ಇನ್ನೊಂದು ಚಂದಾ, ಅದನ್ನು ಎರಡು ಋತು ಕಟ್ಟಿ ಬಿಟ್ಟೆ. ಸ್ನ್ಯಾಪ್ ಎಣಿಕೆ ಹೇಗೂ ಪುಕ್ಕಟೆ ಸಿಗುತ್ತದೆ, ದರ್ಜೆ ಅಂಕದಿಂದ ನನಗೆ ಒಂದು ಪಂತವೂ ಗೆದ್ದದ್ದಿಲ್ಲ. ಇದರ ಮೇಲೆ ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂ ಟಿಕೆಟ್, ಪಾರ್ಕಿಂಗ್. ಎಲ್ಲ ಕೂಡಿಸಿದರೆ ಪಂತದಲ್ಲಿ ಬಂದದ್ದರ ಹತ್ತು ಪಟ್ಟಾದರೂ ಹೋಗಿದೆ. ಆ ಲೆಕ್ಕ ಹಾಕುವವರು ಈ ಹುಚ್ಚಿಗೆ ಬರಬಾರದು.

ಮೊದಲ ಪ್ರಯತ್ನ ದೇಹದ ಅಳತೆ. ಎತ್ತರ, ಕೈ ಉದ್ದ, 40 ಗಜದ ಓಟ, ಎಲ್ಲ ತುಂಬಿದ ದೊಡ್ಡ ಹಾಳೆ ಮಾಡಿದೆ. ನೋಡಲು ಚೆಂದ, ಕೆಲಸಕ್ಕೆ ಬಾರದ್ದು. ಆ ಹಾಳೆಯ ಪ್ರಕಾರ ಕೆಲ್ವಿನ್ ಬೀಚಮ್ ಟ್ಯಾಕಲ್, ಅಂದರೆ ಸಾಲಿನ ತುದಿಯವನು, ಆಗಲೇಬಾರದು. ತಂಡಗಳು ಹೊಸಬರನ್ನು ಸರದಿಯಲ್ಲಿ ಆಯ್ದುಕೊಳ್ಳುವ ಡ್ರಾಫ್ಟ್‌ನಲ್ಲಿ 2012ರಲ್ಲಿ 248ನೆಯವನು, ಎತ್ತರ ಆರಡಿ ಮೂರಿಂಚು. ಆ ಮನುಷ್ಯ ಪಿಟ್ಸ್‌ಬರ್ಗ್, ಜ್ಯಾಕ್ಸನ್‌ವಿಲ್, ನ್ಯೂಯಾರ್ಕ್ ಜೆಟ್ಸ್, ಅರಿಜೋನಾ ಅಂತ ಹತ್ತು ವರ್ಷ ದಾಟಿಸಿ ಆಡಿದ. ಅವನ ಜತೆ ಡ್ರಾಫ್ಟ್ ಆದ ಉದ್ದ ಕೈಯವರು ಎಷ್ಟೋ ಜನ ಅಷ್ಟರಲ್ಲಿ ಮನೆ ಸೇರಿದ್ದರು.

ಎರಡನೆಯದು ಪೆನಾಲ್ಟಿ ಮತ್ತು ಸ್ಯಾಕ್, ಅಂದರೆ ಚೆಂಡು ಎಸೆಯುವ ಮುಂಚೆಯೇ ಕ್ವಾರ್ಟರ್‌ಬ್ಯಾಕ್‌ನನ್ನು ಎದುರಾಳಿ ಕೆಡವುವುದು. ಯಾರ ತಪ್ಪಿನಿಂದ ಸ್ಯಾಕ್ ಆಯಿತು ಅಂತ ನಾನೇ ವಿಡಿಯೊ ನೋಡಿ ಗುರುತು ಹಾಕುತ್ತಿದ್ದೆ. ಸಾಲಿನ ಒಳಗಿನ ಗಾರ್ಡ್ ಬಿಟ್ಟನೋ, ನಟ್ಟನಡುವಿನ ಸೆಂಟರ್ ಕರೆ ತಪ್ಪಿತೋ, ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದುಕೊಂಡೇ ನಿಂತನೋ, ಹೊರಗಿನಿಂದ ಹೇಳುವುದು ಕಷ್ಟ. ಭಾನುವಾರದ ಪಂದ್ಯಕ್ಕೆ ಗುರುವಾರದವರೆಗೆ ಕೂತರೂ ಮುಗಿಯುತ್ತಿರಲಿಲ್ಲ. ಮುಗಿದ ಮೇಲೂ ಪಂತದಲ್ಲಿ ಕೆಳಗಿನಿಂದ ಎರಡನೇ ಜಾಗ.

ದಾರಿ ಸಿಕ್ಕಿದ್ದು ನಿಯಮ ಪುಸ್ತಕದಲ್ಲಿ. 2020ರ ಹೊಸ ಕಾರ್ಮಿಕ ಒಪ್ಪಂದದ ಪ್ರಕಾರ ಪಂದ್ಯದ ದಿನ 48 ಜನ ಜರ್ಸಿ ತೊಡಬಹುದು, ಆದರೆ ಅವರಲ್ಲಿ ಎಂಟು ಜನ ಆಫೆನ್ಸಿವ್ ಲೈನ್‌ಮನ್ ಇರಬೇಕು. ಏಳೇ ಜನ ಇದ್ದರೆ 47. ಅಂದರೆ ಎಂಟನೆಯವನು ಇನ್ನೊಬ್ಬ ಆಟಗಾರನನ್ನೂ ತನ್ನ ಜತೆ ಕರೆತರುತ್ತಾನೆ. ಅವನು ಆಡದೆ ಬೆಂಚಿನ ಮೇಲೆ ಕೂತರೂ ತಂಡಕ್ಕೆ ಲಾಭ. ಅಂಥವನು ಅಗ್ಗಕ್ಕೆ ಬೇಕು, ಎರಡು ಮೂರು ಜಾಗ ಆಡಬೇಕು, ಪಾಠ ಹೇಳಿಸಿಕೊಳ್ಳುವ ಹಂತ ದಾಟಿರಬೇಕು. ಅಲೆಮಾರಿಯ ಅನ್ನ ಇರುವುದು ಇಲ್ಲೇ.

ಅಗ್ಗ ಅಂದೆನಲ್ಲ, ಅದರ ಲೆಕ್ಕ ಮಜಾ ಇದೆ. 2021ರಲ್ಲಿ ಏಳು ವರ್ಷ ಮೀರಿದವನಿಗೆ ಕನಿಷ್ಠ ಸಂಬಳ 10.75 ಲಕ್ಷ ಡಾಲರ್. ಆದರೆ ಹಳಬರಿಗಾಗಿ ಇರುವ ವಿಶೇಷ ಒಪ್ಪಂದದಲ್ಲಿ ಸಹಿ ಹಾಕಿಸಿದರೆ ತಂಡದ ಒಟ್ಟು ಸಂಬಳ ಮಿತಿಯಲ್ಲಿ ಎಣಿಸುವುದು ಎರಡು ವರ್ಷದ ಆಟಗಾರನ ಕನಿಷ್ಠ, ಅಂದರೆ 8.5 ಲಕ್ಷ ಮಾತ್ರ. ಎಳೆಯ ಹುಡುಗನ ಬೆಲೆಗೆ ಹಳೇ ಹುಲಿ. ಇನ್ನೊಂದು: ನಾಲ್ಕು ಋತು ಪೂರೈಸಿದವನನ್ನು ಆಗಸ್ಟ್‌ನಲ್ಲಿ ಕೈಬಿಟ್ಟರೆ ಅವನು ವೇವರ್ಸ್‌ಗೆ, ಅಂದರೆ ಬೇರೆ ತಂಡಗಳು ಹಕ್ಕು ಹೂಡುವ ಪಟ್ಟಿಗೆ, ಹೋಗುವುದಿಲ್ಲ; ಅವನು ಒಪ್ಪದೆ ಬೇರೆ ತಂಡ ಎತ್ತಿಕೊಂಡು ಹೋಗುವ ಭಯವಿಲ್ಲ. ಅವನು ಮೊದಲ ವಾರದ ಪಟ್ಟಿಯಲ್ಲಿದ್ದರೆ ಇಡೀ ವರ್ಷದ ಸಂಬಳಕ್ಕೆ ಖಾತರಿ ಬಿದ್ದಂತೆ. ಹಾಗಾಗಿ "ಒಂದು ವಾರ ಮನೆಯಲ್ಲಿರಪ್ಪಾ, ಆಮೇಲೆ ಕರೆಯುತ್ತೇವೆ" ಎನ್ನುವ ವ್ಯವಹಾರ ನಡೆಯುತ್ತದೆ. ಆಗಸ್ಟ್ ಪಂತದಲ್ಲಿ ಎಷ್ಟೋ ಸಲ ನನ್ನ ಹೆಸರು ತಪ್ಪಿದ್ದು ಈ ಕಾರಣಕ್ಕೇ. ಎರಡನೇ ವಾರಕ್ಕೆ ಅದೇ ಮನುಷ್ಯ ತಂಡದಲ್ಲಿ ಹಾಜರು, ಪಂತದ ಹಣ ಮಾತ್ರ ಇನ್ನೊಬ್ಬರ ಜೇಬಿನಲ್ಲಿ.

ಈಗ ನನ್ನ ಹಾಳೆಯಲ್ಲಿ ಮುಖ್ಯ ಕಾಲಂ ಒಂದೇ: ಕೋಚ್. ಯಾರು ಯಾರ ಕೈಕೆಳಗೆ ಯಾವ ವರ್ಷ ಇದ್ದರು ಅಷ್ಟೇ. ಲೈನ್‌ಮನ್ ಕಲಿಯುವುದು ಒಂದು ಭಾಷೆ. ಆ ಭಾಷೆ ಆಡುವ ಕೋಚ್ ಊರು ಬದಲಿಸಿದಾಗ ಹಳೇ ಆಳನ್ನು ಕರೆಸಿಕೊಳ್ಳುತ್ತಾನೆ.

ಟಾಮ್ ಕಾಂಪ್ಟನ್‌ನನ್ನು ನಾನು ಹಿಡಿದದ್ದು ಹಾಗೆ. ಸೌತ್ ಡಕೋಟಾ ವಿಶ್ವವಿದ್ಯಾಲಯದವನು, 2012ರಲ್ಲಿ ಆರನೇ ಸುತ್ತಿನಲ್ಲಿ ವಾಷಿಂಗ್ಟನ್ ತೆಗೆದುಕೊಂಡಿತು. ಆಗ ಅಲ್ಲಿ ಆಫೆನ್ಸ್ ನೋಡುತ್ತಿದ್ದವನು ಕೈಲ್ ಶಾನಹನ್, ಲೈನ್ ಕೋಚ್ ಕ್ರಿಸ್ ಫೋರ್ಸ್ಟರ್. 2016ರಲ್ಲಿ ಕಾಂಪ್ಟನ್ ಅಟ್ಲಾಂಟಾಗೆ ಹೋದ, ಅಲ್ಲಿ ಆಫೆನ್ಸ್ ಮತ್ತೆ ಶಾನಹನ್‌ದು. ಆಮೇಲೆ ಶಿಕಾಗೊ, ಮಿನೆಸೋಟ, ಜೆಟ್ಸ್, ಒಂದೊಂದು ವರ್ಷ. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಅಂದರೆ ಮತ್ತೆ ಶಾನಹನ್. 2021ಕ್ಕೆ ಫೋರ್ಸ್ಟರ್ ಅಲ್ಲಿ ಲೈನ್ ಕೋಚ್. ಅದೇ ವರ್ಷ ಸೆಂಟರ್ ಆಗಿ ಬಂದ ಅಲೆಕ್ಸ್ ಮ್ಯಾಕ್ ಕೂಡ ಕ್ಲೀವ್‌ಲ್ಯಾಂಡ್, ಅಟ್ಲಾಂಟಾ ಎರಡರಲ್ಲೂ ಶಾನಹನ್ ಜತೆ ಇದ್ದವನು. ಕಣ್ಣಿಗೆ ಕಾಣುವ ನಂಟನ್ನು ಗುಂಪಿನವರು ಕಾಕತಾಳೀಯ ಅಂದರು.

ನಮ್ಮಲ್ಲಿ ಒಂದು ಹೆಚ್ಚುವರಿ ಪ್ರಶ್ನೆ ಇದೆ: ಬೆಂಚಿನಲ್ಲಿರುವ ಯಾವ ಲೈನ್‌ಮನ್ ಋತು ಮುಗಿಯುವ ಹೊತ್ತಿಗೆ ಮೊದಲ ಐವರಲ್ಲಿ ಇರುತ್ತಾನೆ? 2021ರಲ್ಲಿ ನಾನು ಕಾಂಪ್ಟನ್ ಅಂತ ಬರೆದೆ. ನಕ್ಕವರಲ್ಲಿ ಒಬ್ಬ ವರ್ಷವಿಡೀ ನನ್ನನ್ನು "ಕಾಂಪ್ಟನ್ ಸಾಹೇಬ್ರು" ಅಂತಲೇ ಕರೆದ. ನವೆಂಬರ್‌ನಲ್ಲಿ ಅರಿಜೋನಾ ವಿರುದ್ಧ ಮೈಕ್ ಮೆಕ್‌ಗ್ಲಿಂಚಿ ತೊಡೆಯ ಸ್ನಾಯು ಹರಿದುಕೊಂಡ. ಅಲ್ಲಿಂದ ರೈಟ್ ಟ್ಯಾಕಲ್ ಜಾಗದಲ್ಲಿ ಕಾಂಪ್ಟನ್. ಡಲ್ಲಾಸ್, ಗ್ರೀನ್ ಬೇ ಎರಡನ್ನೂ ಮನೆಗೆ ಕಳಿಸಿ, ಕಾನ್ಫರೆನ್ಸ್ ಫೈನಲ್‌ನಲ್ಲಿ ರ‍್ಯಾಮ್ಸ್ ಎದುರು 17–20ಕ್ಕೆ ಸೋಲುವವರೆಗೂ ಅವನದೇ ಜಾಗ. ಗಾಯ ಆಗುತ್ತದೆ ಅಂತ ನಾನೇನೂ ಭವಿಷ್ಯ ಹೇಳಿರಲಿಲ್ಲ. ಆದರೆ ಜಾಗ ಖಾಲಿಯಾದರೆ ಯಾರನ್ನು ನಂಬುತ್ತಾರೆ ಎನ್ನುವುದು ಹಾಳೆಯಲ್ಲಿತ್ತು.

ಮರುವರ್ಷ ಕಾಂಪ್ಟನ್ ಡೆನ್ವರ್‌ಗೆ ಹೋದ. ಅಲ್ಲಿ ಹೊಸ ಲೈನ್ ಕೋಚ್ ಬುಚ್ ಬ್ಯಾರಿ, ಹಿಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಹಾಯಕನಾಗಿದ್ದವನು. ಇನ್ನೊಬ್ಬ ಅಲೆಮಾರಿ ಬಿಲ್ಲಿ ಟರ್ನರ್, ಹೊಸ ಮುಖ್ಯ ಕೋಚ್ ಹ್ಯಾಕೆಟ್ ಜತೆ ಗ್ರೀನ್ ಬೇಯಲ್ಲಿ ಇದ್ದವನು. ನನ್ನ ಕಾಲಂ ಕುಣಿದಾಡಿತು. ಆದರೆ ಕಾಂಪ್ಟನ್ ಬೆನ್ನು ಕೈಕೊಟ್ಟಿತು, ಟರ್ನರ್ ಮೊಣಕಾಲು ಸರಿಯಿರಲಿಲ್ಲ. ಆಗಸ್ಟ್‌ನಲ್ಲಿ ಮರಳಿ ಬಂದು ಸೇರಿದ ಕ್ಯಾಮರಾನ್ ಫ್ಲೆಮಿಂಗ್ ಆ ಋತುವಿನ ಬಹುಪಾಲು ಪಂದ್ಯ ಆಡಿದ. ಸ್ಟ್ಯಾನ್‌ಫರ್ಡ್‌ನಲ್ಲಿ ವಿಮಾನ ಮತ್ತು ಬಾಹ್ಯಾಕಾಶ ಎಂಜಿನಿಯರಿಂಗ್ ಓದಿದವನು; ನ್ಯೂ ಇಂಗ್ಲೆಂಡ್‌ನಲ್ಲಿ ಎರಡು ಸೂಪರ್ ಬೌಲ್ (ಲೀಗಿನ ಫೈನಲ್) ಗೆಲುವಿನ ಉಂಗುರ, ಆಮೇಲೆ ಡಲ್ಲಾಸ್. 2020ರಲ್ಲಿ ಡಲ್ಲಾಸ್‌ನ ಮುಖ್ಯ ಕೋಚ್ ಆಗಿದ್ದ ಗ್ಯಾರೆಟ್, ಲೈನ್ ಕೋಚ್ ಕೊಲಂಬೊ ಇಬ್ಬರೂ ನ್ಯೂಯಾರ್ಕ್ ಜೈಂಟ್ಸ್‌ಗೆ ಹೋದಾಗ ಇವನೂ ಅಲ್ಲಿಗೆ. ಕೋಚ್ ನಂಟು ಅಲ್ಲಿ ಸರಿಯಾಗಿ ಕೂಡಿತ್ತು, ಡೆನ್ವರ್‌ನಲ್ಲಿ ಮಾತ್ರ ಹಳೇ ಕೋಚ್ ಹೋಗಿ ಹೊಸಬ ಬಂದರೂ ಇವನಿಗೆ ಕರೆ ಬಂತು. ಅಂದಿನಿಂದ ವಯಸ್ಸು ಮತ್ತು ಗಾಯಕ್ಕೆ ಇನ್ನೊಂದು ಕಾಲಂ ಸೇರಿಸಿದ್ದೇನೆ.

ಮಧ್ಯೆ ಒಂದು ಅಡ್ಡದಾರಿ ಪ್ರಯೋಗ. ನಮ್ಮವರ ಪೈಕಿ ಯಾರಾದರೂ ಇದ್ದಾರಾ ಅಂತ ಗುಂಪಿನಲ್ಲಿ ಯಾರೋ ಕೇಳಿದರು. ಫಿಜಿಯಲ್ಲಿ ಹುಟ್ಟಿದ ಭಾರತೀಯ ಮೂಲದ ಗಾರ್ಡ್ ಬಾಬಿ ಸಿಂಗ್ ಮೇಲೆ ಹಾಳೆ ಪರೀಕ್ಷಿಸಿದೆ. 1999ರ ಋತುವಿನಲ್ಲಿ ಸೂಪರ್ ಬೌಲ್ ಗೆದ್ದ ರ‍್ಯಾಮ್ಸ್ ತಂಡದಲ್ಲಿದ್ದ, 2001ರಲ್ಲಿ ಎಕ್ಸ್‌ಎಫ್‌ಎಲ್ ಎಂಬ ಇನ್ನೊಂದು ಲೀಗ್ ಗೆದ್ದ ಲಾಸ್ ಏಂಜಲೀಸ್ ಎಕ್ಸ್‌ಟ್ರೀಮ್‌ನಲ್ಲಿ, 2006ರಲ್ಲಿ ಕೆನಡಾದ ಗ್ರೇ ಕಪ್ ಗೆದ್ದ ಬಿಸಿ ಲಯನ್ಸ್‌ನಲ್ಲಿ. ಆ ಕಾಲದ ಸ್ನ್ಯಾಪ್ ಎಣಿಕೆ ಕೈಗೆ ಸಿಗಲಿಲ್ಲ, ಮೂರು ಲೀಗಿನ ಕೋಚ್‌ಗಳನ್ನು ಹೊಂದಿಸಲು ಹೋಗಿ ಒಂದಿಡೀ ಬೇಸಿಗೆ ಹೋಯಿತು. ಹಾಳೆ ಏನೂ ಹೇಳಲಿಲ್ಲ.

ಸ್ಟೇಡಿಯಂಗೆ ಬೇಗ ಹೋಗಿ ತಾಲೀಮು ನೋಡುವುದು ಮಾತ್ರ ಉಪಯೋಗಕ್ಕೆ ಬಂತು. ಬೆಂಚಿನ ಗಾರ್ಡ್ ಒಬ್ಬ ಮೂಲೆಯಲ್ಲಿ ನಿಂತು ಮೀಸಲು ಕ್ವಾರ್ಟರ್‌ಬ್ಯಾಕ್‌ಗೆ ಸ್ನ್ಯಾಪ್ ಹಾಕುತ್ತಿದ್ದರೆ, ಅಂದರೆ ಸೆಂಟರ್‌ನಂತೆ ಚೆಂಡು ಹಿಂದಕ್ಕೆ ಕೊಡುತ್ತಿದ್ದರೆ, ಅವನೇ ತುರ್ತು ಸೆಂಟರ್, ಅವನ ಕೆಲಸ ಭದ್ರ. ಟ್ಯಾಕಲ್‌ಗಳ ವಿಷಯದಲ್ಲಿ ಅದೇ ಹೊತ್ತಿಗೆ ನಾನು ನೋಡುವ ಗುರುತು ಬೇರೆ. ಅದನ್ನು ಹೇಳುವುದಿಲ್ಲ, ನಮ್ಮ ಗುಂಪಿನವರೂ ಇದನ್ನು ಓದುತ್ತಾರೆ.

ಹಿಂದಿನ ಎರಡು ಮೂರು ಆಗಸ್ಟ್‌ಗಳಲ್ಲಿ ಒಂಬತ್ತು ಹೆಸರಿಗೆ ಏಳೆಂಟು ಸರಿಯಾಗಿವೆ. ಹಾಗಾಗಿ ಈಗ ನನಗೆ ಸ್ಯಾನ್ ಫ್ರಾನ್ಸಿಸ್ಕೊ ತಂಡ ಫಾರ್ಟಿನೈನರ್ಸ್ ಕೊಡಬಾರದು ಅಂತ ನಿಯಮವನ್ನೇ ಮಾಡಿದ್ದಾರೆ, ಚೀಟಿ ಎತ್ತಿ ಬಂದ ತಂಡ ಆಡಬೇಕಂತೆ. ಆಡೋಣ. ಯಾವ ತಂಡಕ್ಕೆ ಯಾವ ಲೈನ್ ಕೋಚ್ ಬಂದ ಎನ್ನುವುದು ಫೆಬ್ರವರಿಗೇ ಗೊತ್ತಾಗಿರುತ್ತದೆ, ಇವರು ಹಾಳೆ ತೆರೆಯುವುದು ಆಗಸ್ಟ್‌ಗೆ.