ಮಕ್ಕಳ ಜೊತೆ ಕೂತು ‘ಲಾರ್ಡ್ ಆಫ್ ದಿ ರಿಂಗ್ಸ್’ ನೋಡುವುದು ಹೇಗೆ

ಫ್ರೋಡೋ ಎಂಬ ಪುಟ್ಟ ಆಕಾರದವನು ಕೆಟ್ಟ ಶಕ್ತಿಯ ಉಂಗುರವೊಂದನ್ನು ಬೆಂಕಿಬೆಟ್ಟಕ್ಕೆ ಎಸೆಯಲು ಗೆಳೆಯ ಸ್ಯಾಮ್ ಜೊತೆ ಶತ್ರುವಿನ ನಾಡಿಗೆ ನಡೆದು ಹೋಗುವ ಕಥೆ ಇದು. ಈ ಮೂರು ಸಿನಿಮಾಗಳನ್ನು ನಾನು ಮೊದಲು ನೋಡಿದ್ದು ಹಾಸ್ಟೆಲ್ ರೂಮಿನಲ್ಲಿ, ಗೆಳತಿಯ ಕಂಪ್ಯೂಟರಿನಲ್ಲಿ. ಐದು ಜನ ಒಂದೇ ಮಂಚದ ಮೇಲೆ ಒತ್ತಿಕೊಂಡು ಕೂತಿದ್ದೆವು. ಆಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಈಗ ಮಗನಿಗೆ 13, ಮಗಳಿಗೆ 10. ಅವರ ಜೊತೆ ಎರಡು ಸಲ ಪೂರ್ತಿ ನೋಡಿದ್ದೇನೆ. ಮೊದಲ ಸಲ ತಪ್ಪು ಮಾಡಿದೆ. ಮಗಳಿಗೆ ಆಗ ಬರೀ ಎಂಟು ವರ್ಷ. ಮೂರನೇ ಸಿನಿಮಾದ ಜೇಡ ನೋಡಿ ಹೆದರಿದವಳು ಒಂದು ವಾರ ಲೈಟ್ ಆರಿಸಲು ಬಿಡಲಿಲ್ಲ. ಅದಕ್ಕೇ ಮೊದಲ ಮಾತು: ಹತ್ತು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಬೇಡ. ಸ್ವಲ್ಪ ಕಾಯಿರಿ, ಸಿನಿಮಾ ಎಲ್ಲಿಗೂ ಹೋಗುವುದಿಲ್ಲ.

ಥಿಯೇಟರಿಗೆ ಬಂದ ಆವೃತ್ತಿಯೇ ಸಾಕು. 2001ರದ್ದು 178 ನಿಮಿಷ, 2002ರದ್ದು 179, 2003ರದ್ದು 201. ಒಟ್ಟು ಒಂಬತ್ತು ಗಂಟೆಗೂ ಜಾಸ್ತಿ. ಉದ್ದದ ಆವೃತ್ತಿಗಳು ಹನ್ನೊಂದು ಗಂಟೆ ದಾಟುತ್ತವೆ, ಅವು ನನಗೆ ಪ್ರಾಣ. ಆದರೆ ಮಕ್ಕಳಿಗೆ ಮೊದಲ ಸಲವೇ ಅಷ್ಟು ಬೇಡ. ಒಂದೊಂದು ಸಿನಿಮಾವನ್ನು ಎರಡು ಸಂಜೆಗೆ ಹಂಚಿಕೊಳ್ಳಿ. ಮೊದಲನೆಯದನ್ನು ರಿವೆಂಡೆಲ್ ಎಂಬ ಊರಿನಿಂದ ಫ್ರೋಡೋ ಸೇರಿ ಒಂಬತ್ತು ಜನರ ತಂಡ ಹೊರಡುವಾಗ ನಿಲ್ಲಿಸಿ. ಎರಡನೆಯದನ್ನು ರಾಜ ಥಿಯೋಡೆನ್ ಮಗನ ಸಮಾಧಿಯ ಮುಂದೆ ಕುಸಿದು ಅಳುವಲ್ಲಿ ನಿಲ್ಲಿಸಿ. ಅಲ್ಲಿ ನನಗೇ ಮುಂದೆ ನೋಡಲು ಆಗುವುದಿಲ್ಲ. ಮೂರನೆಯದನ್ನು ಫ್ರೋಡೋನ ಗೆಳೆಯ ಪಿಪ್ಪಿನ್ ಹಾಡುವ ಹಾಡು ಮುಗಿದ ಕೂಡಲೇ ನಿಲ್ಲಿಸಿ. ಜೇಡ ಬರುವುದು ಅದಾದ ಮೇಲೆ. ಮರುದಿನ ಶುರು ಮಾಡುವ ಮುಂಚೆ ‘ಇವತ್ತು ದೊಡ್ಡ ಜೇಡ ಬರುತ್ತದೆ, ಸ್ಯಾಮ್ ಅದನ್ನು ಓಡಿಸುತ್ತಾನೆ’ ಎಂದು ಹೇಳಿಬಿಡಿ. ಗುಟ್ಟು ಬಿಟ್ಟುಕೊಟ್ಟಂತಾಗುತ್ತದೆ, ನಿಜ. ಆದರೆ ಹೆದರಿದ ಮಗು ಕಥೆ ನೋಡುವುದಿಲ್ಲ, ದಿಂಬನ್ನು ನೋಡುತ್ತದೆ.

ಹೆಸರುಗಳು ಜಾಸ್ತಿ, ಮಕ್ಕಳಿಗೆ ಗೊಂದಲ ಆಗುತ್ತದೆ. ನಾವು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದೆವು. ಎಡಕ್ಕೆ ಮೇಲೆ ಫ್ರೋಡೋನ ಊರು ಶೈರ್, ಬಲಕ್ಕೆ ಕೆಳಗೆ ಶತ್ರುವಿನ ನಾಡು ಮಾರ್ಡೋರ್, ನಡುವೆ ಗುಡ್ಡದ ಸಾಲು. ಪ್ರತಿ ಸಂಜೆ ಫ್ರೋಡೋ ಎಲ್ಲಿದ್ದಾನೋ ಅಲ್ಲೊಂದು ಹುಣಸೆ ಬೀಜ ಇಟ್ಟೆವು. ಎಷ್ಟು ದೂರ ನಡೆದಿದ್ದಾನೆ ಎಂದು ಮಾತಿನಲ್ಲಿ ಹೇಳುವುದೇ ಬೇಡ, ಬೀಜ ತೋರಿಸುತ್ತದೆ.

ಇನ್ನು ಮುಖ್ಯ ವಿಷಯ. ಸಿನಿಮಾ ಮುಗಿದ ಮೇಲೆ ‘ಇದರಿಂದ ಏನು ಕಲಿತೆ?’ ಎಂದು ದಯವಿಟ್ಟು ಕೇಳಬೇಡಿ. ಮೊದಲ ಸಲ ನಾನು ಕೇಳಿದ್ದೆ. ಮಗ ಪರೀಕ್ಷೆಯಲ್ಲಿ ಬರೆಯುವ ಹಾಗೆ ‘ಸ್ನೇಹ, ಧೈರ್ಯ, ಒಗ್ಗಟ್ಟು’ ಎಂದು ಒಪ್ಪಿಸಿ ಎದ್ದು ಹೋದ. ಅದರ ಬದಲು ಮೂರು ನಾಲ್ಕು ಕಡೆ ರಿಮೋಟ್ ಒತ್ತಿ ನಿಲ್ಲಿಸಿ. ನಿಲ್ಲಿಸಿ ಒಂದೇ ಮಾತು ಕೇಳಿ. ಇಲ್ಲವೇ ಸುಮ್ನೆ ಕೂತುಕೊಳ್ಳಿ.

ಮೊದಲ ಜಾಗ ಬಿಲ್ಬೋ ಮನೆ. ಫ್ರೋಡೋಗೂ ಮೊದಲು ಉಂಗುರ ಇದ್ದದ್ದು ಇವನ ಹತ್ತಿರ. ಮುದುಕ ಊರು ಬಿಟ್ಟು ಹೊರಟಿದ್ದಾನೆ. ಉಂಗುರ ಬಿಟ್ಟು ಹೋಗುತ್ತೇನೆ ಎನ್ನುತ್ತಾನೆ, ಅದು ಜೇಬಿನಲ್ಲೇ ಇರುತ್ತದೆ. ಕೊನೆಗೆ ಕೈ ಓರೆ ಮಾಡಿ ಬೀಳಿಸುತ್ತಾನೆ. ಉಂಗುರ ನೆಲಕ್ಕೆ ಬಿದ್ದಾಗ ಪುಟಿಯುವುದಿಲ್ಲ, ಉರುಳುವುದಿಲ್ಲ. ಕಬ್ಬಿಣದ ಗುಂಡು ಬಿದ್ದ ಹಾಗೆ ‘ಧಪ್’ ಎಂದು ಕೂತುಬಿಡುತ್ತದೆ. ಆ ಸದ್ದನ್ನು ಇನ್ನೊಂದು ಸಲ ಕೇಳಿಸಿ. ಆಮೇಲೆ ‘ನಿನಗೆ ಬಿಡೋಕೆ ಆಗದ್ದು ಏನು?’ ಎಂದು ಕೇಳಬಹುದು. ಆದರೆ ನಿಮ್ಮದನ್ನು ನೀವು ಮೊದಲು ಹೇಳಬೇಕು. ‘ಮಾರ್ಕ್ಸ್ ಕಾರ್ಡ್ ನೋಡಿದ ಕೂಡಲೇ ನನಗೆ ಕೂಗಾಡದೆ ಇರೋಕೆ ಆಗಲ್ಲ’ ಎಂದು ನಾನು ಹೇಳಿದೆ. ಮಕ್ಕಳಿಬ್ಬರೂ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಮಗ ‘ನಂಗೆ ಗೇಮ್’ ಎಂದ. ಅಷ್ಟೇ ಸಾಕು. ‘ಹಾಗಾದರೆ ಬಿಡು’ ಎಂದು ಅಲ್ಲೇ ಉಪದೇಶ ಶುರು ಮಾಡಿದರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ.

ಎರಡನೇ ಜಾಗ ಬೊರೊಮಿರ್. ಇದರ ಮೇಲೆ ನನಗೆ ಪ್ರೀತಿ ಜಾಸ್ತಿ. ತಂಡದ ಈ ಯೋಧ ಕೆಟ್ಟವನಲ್ಲ. ತನ್ನ ಊರು ಉಳಿಯಬೇಕು ಎಂಬ ಆಸೆ. ಆ ಆಸೆಯಲ್ಲೇ ಫ್ರೋಡೋನ ಮೇಲೆ ಬಿದ್ದು ಉಂಗುರ ಕಿತ್ತುಕೊಳ್ಳಲು ಹೋಗುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಫ್ರೋಡೋನ ಗೆಳೆಯರಾದ ಮೆರ್ರಿ, ಪಿಪ್ಪಿನ್ ಇಬ್ಬರನ್ನು ಕಾಪಾಡಲು ನಿಂತು ಬಾಣ ತಿಂದು ಬೀಳುತ್ತಾನೆ. ಸಾಯುವಾಗ ತಂಡದ ಇನ್ನೊಬ್ಬ ಯೋಧ ಅರಗಾರ್ನ್ ಮುಂದೆ ತಪ್ಪು ಒಪ್ಪಿಕೊಳ್ಳುತ್ತಾನೆ. ಅರಗಾರ್ನ್ ಬೈಯುವುದಿಲ್ಲ, ಪಕ್ಕದಲ್ಲಿ ಕೂತು ಕೈ ಹಿಡಿಯುತ್ತಾನೆ. ಇಷ್ಟನ್ನು ಎಲ್ಲರೂ ನೋಡಿರುತ್ತಾರೆ. ಅದಾದ ಮೇಲೆ ಅರಗಾರ್ನ್ ಕೈ ಗಮನಿಸಿ. ಬೊರೊಮಿರ್ ಮುಂಗೈಗೆ ಕಟ್ಟಿದ್ದ ಚರ್ಮದ ಕವಚಗಳನ್ನು ಬಿಚ್ಚಿ ತನ್ನ ಕೈಗೆ ಕಟ್ಟಿಕೊಳ್ಳುತ್ತಾನೆ. ಯಾರೂ ಆ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಮುಂದಿನ ಸಿನಿಮಾಗಳಲ್ಲೂ ಅವು ಅವನ ಕೈಮೇಲೇ ಇರುತ್ತವೆ. ಇದನ್ನು ನೀವಾಗಿ ಹೇಳಬೇಡಿ, ಮಕ್ಕಳೇ ಹುಡುಕಲಿ. ನಮ್ಮ ಮನೆಯಲ್ಲಿ ಎರಡನೇ ಸಿನಿಮಾದ ನಡುವೆ ಮಗಳು ‘ಅಮ್ಮಾ, ಅದು ಬೊರೊಮಿರ್‌ದು ಅಲ್ವಾ?’ ಎಂದು ಎದ್ದು ನಿಂತಳು.

ಮೂರನೇ ಜಾಗ ಗಾಲಮ್. ಬಿಲ್ಬೋಗೆ ಸಿಗುವ ಮುಂಚೆ ಉಂಗುರ ಇವನ ಹತ್ತಿರ ಇತ್ತು, ಈಗ ಅದಕ್ಕಾಗಿ ಹಿಂದೆ ಬಿದ್ದಿದ್ದಾನೆ. ಮೋರಿಯಾ ಗಣಿಯ ಕತ್ತಲಲ್ಲಿ ಫ್ರೋಡೋ ‘ಬಿಲ್ಬೋ ಇವನನ್ನು ಆಗಲೇ ಕೊಂದಿದ್ದರೆ ಚೆನ್ನಾಗಿತ್ತು’ ಎಂಬ ಅರ್ಥದಲ್ಲಿ ಮಾತಾಡುತ್ತಾನೆ. ಬಿಲ್ಬೋ ಕೈ ತಡೆದಿದ್ದು ಕರುಣೆ ಎಂದು ಮಾಂತ್ರಿಕ ಗ್ಯಾಂಡಾಲ್ಫ್ ಅದಕ್ಕೆ ಕೊಡುವ ಉತ್ತರದಲ್ಲೇ ಇಡೀ ಕಥೆಯ ಬೀಗದ ಕೈ ಇದೆ. ಅಲ್ಲಿ ನಿಲ್ಲಿಸಿ, ಕನ್ನಡದಲ್ಲಿ ಬಿಡಿಸಿ ಹೇಳಿ. ಏಕೆಂದರೆ ಕೊನೆಯಲ್ಲಿ ಬೆಂಕಿಯ ಬಾಯಿಯ ಹತ್ತಿರ ಫ್ರೋಡೋ ಸೋಲುತ್ತಾನೆ. ಇಷ್ಟು ದೂರ ಹೊತ್ತು ತಂದ ಉಂಗುರವನ್ನು ಎಸೆಯಲು ಆಗದೆ ಬೆರಳಿಗೆ ಹಾಕಿಕೊಳ್ಳುತ್ತಾನೆ. ಉಂಗುರ ಬೆಂಕಿಗೆ ಬೀಳುವುದು ಗಾಲಮ್ ಅಲ್ಲಿದ್ದಿದ್ದರಿಂದ, ಗಾಲಮ್ ಅಲ್ಲಿದ್ದಿದ್ದು ಅವನನ್ನು ಕೊಲ್ಲದೆ ಬಿಟ್ಟಿದ್ದರಿಂದ. ‘ಹಾಗಾದರೆ ಫ್ರೋಡೋ ಹೀರೋ ಅಲ್ವಾ?’ ಎಂದು ಮಗ ಕೇಳಿದ. ಒಳ್ಳೆಯವರೂ ಸೋಲುತ್ತಾರೆ ಕಣೋ, ಅಲ್ಲಿವರೆಗೆ ನಡೆದಿದ್ದು ಸುಳ್ಳಾಗುತ್ತಾ, ಎಂದೆ. ಪ್ರತಿ ತಂದೆ ತಾಯಿಯೂ ಮಕ್ಕಳಿಗೆ ಒಮ್ಮೆಯಾದರೂ ಹೇಳಬೇಕಾದ ಮಾತು ಇದು. ನನಗೆ ಚಿಕ್ಕಂದಿನಲ್ಲಿ ಯಾರೂ ಹೇಳಿರಲಿಲ್ಲ.

ಸ್ಯಾಮ್ ಬಗ್ಗೆ ಕೇಳುವುದೇನೂ ಬೇಡ. ಒಂದು ಗುರುತು ಮಾತ್ರ ಹಿಡಿದಿಡಿ. ಮೊದಲ ಸಿನಿಮಾದ ಕೊನೆಯಲ್ಲಿ ಈಜು ಬರದ ಸ್ಯಾಮ್ ದೋಣಿಯ ಹಿಂದೆ ನೀರಿಗಿಳಿದು ಮುಳುಗುತ್ತಾನೆ, ಮೇಲಿನಿಂದ ಫ್ರೋಡೋನ ಕೈ ಬರುತ್ತದೆ. ಮೂರನೇ ಸಿನಿಮಾದಲ್ಲಿ ಫ್ರೋಡೋ ಬಂಡೆಯ ಅಂಚಿನಲ್ಲಿ ನೇತಾಡುವಾಗ ಮೇಲಿನಿಂದ ಸ್ಯಾಮ್‌ನ ಕೈ ಬರುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ತೋರಿಸಿ.

ನಡುವೆ ಸ್ಯಾಮ್ ಗೆಳೆಯನನ್ನೇ ಬೆನ್ನಿಗೆ ಹಾಕಿಕೊಂಡು ಬೆಟ್ಟ ಹತ್ತುತ್ತಾನೆ. ಉಂಗುರ ಹೊರಲು ಅವನಿಂದ ಆಗದು, ಹೊತ್ತವನನ್ನು ಹೊರಬಹುದು. ಕಳೆದ ವರ್ಷ ನಮ್ಮ ಅಪ್ಪನಿಗೆ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ 3 ದಿನ, ಪ್ರತಿ ಸಲ 4 ಗಂಟೆ. ಎರಡನೇ ವಾರ ನಾನು ಹೊರಡುವಾಗ ಮಗ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ತಾತನ ಹೊದಿಕೆ, ನೀರಿನ ಬಾಟಲಿ, ಫೈಲ್ ಇದ್ದ ಚೀಲ ಅವನ ಹೆಗಲ ಮೇಲಿತ್ತು. ಏನೂ ಹೇಳಲಿಲ್ಲ. ನಾನೂ ಸಿನಿಮಾದ ಮಾತು ಎತ್ತಲಿಲ್ಲ. ನೀವೂ ಅಂಥ ಹೊತ್ತಿನಲ್ಲಿ ಎತ್ತಬೇಡಿ.

ಹೆದರಿಕೆ ಉಳಿದರೆ ಅದಕ್ಕೊಂದು ಮದ್ದಿದೆ. ಸಿನಿಮಾ ಹೇಗೆ ತೆಗೆದರು ಎಂದು ತೋರಿಸಿ. ಕುಳ್ಳ ಗಿಮ್ಲಿಯ ಪಾತ್ರ ಮಾಡಿದ ಜಾನ್ ರೀಸ್ ಡೇವಿಸ್ ಆರಡಿ ಎತ್ತರದ ಆಳು. ಗ್ಯಾಂಡಾಲ್ಫ್ ದೊಡ್ಡವನಾಗಿ, ಫ್ರೋಡೋ ಚಿಕ್ಕವನಾಗಿ ಕಾಣಲು ಎಷ್ಟೋ ಕಡೆ ಒಬ್ಬರನ್ನು ಕ್ಯಾಮೆರಾ ಹತ್ತಿರ, ಇನ್ನೊಬ್ಬರನ್ನು ದೂರ ಕೂರಿಸಿದ್ದಾರೆ. ಇದನ್ನು ಟೆರೇಸಿನಲ್ಲೇ ಮಾಡಬಹುದು. ಬೆಳಗ್ಗೆ ಬಿಸಿಲು ಚೆನ್ನಾಗಿರುವಾಗ ಒಬ್ಬರು ಮೊಬೈಲಿನಿಂದ 2 ಮೀಟರ್ ದೂರದಲ್ಲಿ ನಿಲ್ಲಿ, ಇನ್ನೊಬ್ಬರು 4 ಮೀಟರ್ ದೂರದಲ್ಲಿ. ಇಬ್ಬರ ಪಾದವೂ ಚಿತ್ರದಲ್ಲಿ ಕಾಣಬಾರದು, ಮುಂದೆ ಒಂದು ಮೇಜು ಅಡ್ಡ ಇಡಿ. ಹತ್ತಿರದವರು ಪಕ್ಕದವರನ್ನು ನೋಡುವ ಹಾಗೆ ಬರೀ ಗಾಳಿಯನ್ನು ನೋಡಬೇಕು. ದೃಷ್ಟಿ ಕೂಡುವ ಕಡೆ ತಂದು ನಿಲ್ಲಿಸುವುದೇ ಕಷ್ಟ, ಐದಾರು ಸಲ ಬೇಕಾಗುತ್ತದೆ. ನನ್ನ ಹತ್ತು ವರ್ಷದ ಮಗಳು ಆ ಫೋಟೋದಲ್ಲಿ ಹೆಚ್ಚುಕಡಿಮೆ ಅಣ್ಣನ ಎರಡರಷ್ಟು ಎತ್ತರ ಇದ್ದಾಳೆ.

ಕೊನೆ ಸಂಜೆ ಬೇಗ ಶುರು ಮಾಡಿ. ಯುದ್ಧ ಮುಗಿದ ಮೇಲೂ ಸಿನಿಮಾ ತುಂಬಾ ಹೊತ್ತು ನಡೆಯುತ್ತದೆ, ಮಕ್ಕಳು ಆಕಳಿಸುತ್ತಾರೆ. ಆದರೂ ಓಡಿಸಬೇಡಿ. ಮನೆಗೆ ಬಂದ ಫ್ರೋಡೋಗೆ ಹಳೇ ಗಾಯ ಇನ್ನೂ ನೋಯುತ್ತಿರುತ್ತದೆ. ಕಥೆ ಬರೆದ ಟೋಲ್ಕಿನ್ 1916ರಲ್ಲಿ, ಮೊದಲ ಮಹಾಯುದ್ಧದಲ್ಲಿ, ಫ್ರಾನ್ಸಿನ ಸೋಮ್ ಯುದ್ಧಭೂಮಿಯಲ್ಲಿದ್ದವರು. ಊರಿಗೆ ವಾಪಸ್ ಬಂದರೂ ಎಲ್ಲವೂ ಮೊದಲಿನಂತೆ ಆಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಹೆಸರುಗಳು ಶುರುವಾದ ಕೂಡಲೇ ಟಿವಿ ಆರಿಸಬೇಡಿ. ಆ ನಟನಟಿಯರ ಮುಖಗಳನ್ನು ಕಲಾವಿದ ಅಲನ್ ಲೀ ಪೆನ್ಸಿಲಿನಲ್ಲಿ ಬರೆದಿದ್ದಾರೆ, ಒಂದೊಂದಾಗಿ ಬರುತ್ತವೆ. ನಾವು ಲೈಟ್ ಹಾಕದೆ ನೋಡುತ್ತಾ ಕೂತಿದ್ದೆವು. ಸ್ಯಾಮ್ ಮುಖ ಬಂದಾಗ ಮಗಳು ‘ನಿಲ್ಲಿಸು ಅಮ್ಮಾ’ ಎಂದಳು. ಒಳಗೆ ಹೋಗಿ ಡ್ರಾಯಿಂಗ್ ಬುಕ್ ತಂದು ಟಿವಿ ಮುಂದೆ ನೆಲದ ಮೇಲೆ ಕೂತಳು.